ಕೊಡಗಿನ ಆನಂದಪುರ: ಒಂದು ಮಿಷನರಿ ಸಂಸಾರದ ಸೇವಾಚರಿತ್ರೆ

ಆನಂದಪುರವೆಂದೊಡನೆ ಶಿವಮೊಗ್ಗೆಯ ಕಡೆಯ ಭಕ್ತರಿಗೆ ನೆನಪಾಗುವುದು ಮುರುಘಾಮಠದಿಂದ ಪ್ರಸಿದ್ಧವಾದ ಸಾಗರ ತಾಲ್ಲೂಕಿನ ಆನಂದಪುರ. ಅದೇ ಹೆಸರಿನ ಇನ್ನೊಂದು ಊರು ಕೊಡಗಿನಲ್ಲಿ, ಅಮ್ಮತ್ತಿಯ ಪರಿಸರದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ತಲೆತಲಾಂತರದಿಂದ ಜೀತದಲ್ಲಿದ್ದ ಬಡಜನರಿಗಾಗಿ ಜರ್ಮನ್ ಮಿಷನರಿಯೊಬ್ಬರು ನೆಲೆಗೊಳಿಸಿದ ಊರು ಅದು. ಅವರೇ ಹೆರ್ಮನ್ ಮೋಗ್ಲಿಂಗ್.

ಈ ಹೆಸರು ನಮ್ಮ ಸಾಹಿತ್ಯ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರು ಅವರು. 1848ರಿಂದ ಮೊದಲ್ಗೊಂಡು ಕ್ಯಾಸಮೇಜರ್ ಎಂಬ ನ್ಯಾಯಾಧೀಶರ ಧನಸಹಾಯದಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿ, ಜೈಮಿನಿ ಭಾರತ, ದಾಸರ ಪದಗಳೊಡನೆ ಬಸವಪುರಾಣ, ಚೆನ್ನಬಸವಪುರಾಣಗಳನ್ನೂ ಓಲೆಗರಿಯಿಂದ ಕಾಗದಕ್ಕೆ ತಂದವರೂ ಅವರೇ. ಈ ಕಾರ್ಯಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಗ್ರಂಥಸಂಪಾದಕರಾದ ಮೋಗ್ಲಿಂಗರನ್ನು ನಾವು ಬಲ್ಲೆವು. ಗೃಹಸ್ಥರಾದ ಮೋಗ್ಲಿಂಗರನ್ನೂ ಅವರ ಪತ್ನಿ ಪೌಲೀನರನ್ನೂ ಅಷ್ಟಾಗಿ ಬಲ್ಲೆವೆಂದು ಹೇಳುವಂತಿಲ್ಲ. ಆ ಸಂಸಾರದ ಕಥೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಅದರಿಂದ ನಮಗೆ ಒದಗುವ ವಿಚಾರವನ್ನು ಸೂಚಿಸುವುದೇ ಈ ಲೇಖನದ ಉದ್ದೇಶ.

ಮೋಗ್ಲಿಂಗರು 1811ರಲ್ಲಿ ಜರ್ಮನಿಯ ಬ್ರಾಕೆನ್‌ಹೈಮ್ ಎಂಬಲ್ಲಿ ಜನಿಸಿದರು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೆಲೆಯೂರಿದ್ದು 1834ರಲ್ಲಿ. ಅವರು ಅಲ್ಲಿಗೆ ಬಂದದ್ದು 1836ರಲ್ಲಿ. ಆ ಸಂಸ್ಥೆಯ ಕಟ್ಟಳೆಗಳು ಕಠಿಣವಾಗಿದ್ದವು. ಯುವಕನು ಅವಿವಾಹಿತನಾಗಿಯೇ ಹೊರಡಬೇಕು; ಕೆಲವು ವರ್ಷ ಸೇವೆ ಸಲ್ಲಿಸಿದ ಬಳಿಕ ಆಡಳಿತ ಸಮಿತಿಯ ಅನುಮತಿ ಪಡೆದು ಮದುವೆಯಾಗಬಹುದು. ಎಷ್ಟೋ ವೇಳೆ ವಧುವು ವರನ ಮುಖವನ್ನೇ ಕಾಣದೆ, ತಿಂಗಳುಗಟ್ಟಲೆ ಹಡಗಿನಲ್ಲಿ ಪಯಣಿಸಿ ಬರಬೇಕಾಗಿತ್ತು. ಮಿಷನರಿಯ ಪತ್ನಿಗೆ ಪ್ರತ್ಯೇಕ ವೇತನವಿಲ್ಲ. ಆದರೂ ಹೆಣ್ಣುಮಕ್ಕಳಿಗೆ ಓದುಬರಹ, ಹೊಲಿಗೆ ಕಲಿಸುವುದು, ಅನಾಥ ಮಕ್ಕಳನ್ನು ಸಾಕುವುದು, ರೋಗಿಗಳ ಆರೈಕೆ, ಇವೆಲ್ಲ ಆಕೆಯ ಪಾಲಿನ ಕರ್ತವ್ಯಗಳೇ.

ಇವೆಲ್ಲಕ್ಕಿಂತ ಕ್ರೂರವಾದುದು ಮಕ್ಕಳ ಅಗಲಿಕೆ. ಇಲ್ಲಿ ಹುಟ್ಟಿದ ಕೂಸುಗಳನ್ನು ಎಳೆಯ ವಯಸ್ಸಿನಲ್ಲಿಯೇ ಯುರೋಪಿಗೆ ಕಳುಹಿಸುವುದು ರೂಢಿಯಾಗಿತ್ತು. 1853ರಲ್ಲಿ ಅವರಿಗಾಗಿಯೇ ಬಾಸೆಲ್ಲಿನಲ್ಲಿ ಒಂದು ಮಕ್ಕಳ ಮನೆಯು ಆರಂಭವಾಯಿತು. ಮೋಗ್ಲಿಂಗರ ಗೆಳೆಯ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿ, ಹೀಗೆಯೇ ತಂದೆತಾಯಿಗಳಿಂದ ದೂರವಾಗಿ ಬೆಳೆದವಳು. ಮುಂದೆ ಪ್ರಸಿದ್ಧ ಸಾಹಿತಿ ಹೆರ್ಮನ್ ಹೆಸ್ಸೆಯ ತಾಯಿಯಾದವಳು ಆಕೆಯೇ. ಪರರ ಮಕ್ಕಳಿಗೆ ತಾಯಿಯಾಗಲೆಂದು ತನ್ನ ಮಕ್ಕಳನ್ನು ಅಗಲುವ ಈ ಸ್ಥಿತಿಯನ್ನು ತ್ಯಾಗವೆನ್ನಬೇಕೋ ಸಂಸ್ಥೆಯ ನಿಷ್ಕರುಣೆಯೆನ್ನಬೇಕೋ ಓದುಗರೇ ನಿರ್ಣಯಿಸಬೇಕು.

ಪೌಲೀನರ ಬಾಳು ಇಂತಹ ವ್ಯವಸ್ಥೆಯೊಳಗೆ ಸಾಗಿತು. ಅವರು ಮೊದಲು ಗಾಟ್‌ಫ್ರೀಡ್ ವೈಗ್ಲೆಯವರ ಪತ್ನಿ. ವೈಗ್ಲೆಯವರು ಮೋಗ್ಲಿಂಗರ ಬಂಧು, ಸಹೋದ್ಯೋಗಿ. ಕನ್ನಡ ಭಾಷೆ ಸಾಹಿತ್ಯಗಳನ್ನು ಕುರಿತು 1848ರಷ್ಟು ಹಿಂದೆಯೇ ಜರ್ಮನ್ ಭಾಷೆಯಲ್ಲಿ ಪ್ರಬಂಧ ಬರೆದ ವಿದ್ವಾಂಸರು. ಅವರು 1855ರಲ್ಲಿ ತೀರಿಕೊಂಡರು. ಮಕ್ಕಳ ತಾಯಿಯಾದ ಆ ವಿಧವೆಯನ್ನು, ನಲವತ್ತೈದರ ಸನಿಹದಲ್ಲಿದ್ದ ಮೋಗ್ಲಿಂಗರು ವರಿಸಿದರು. ಆ ವೇಳೆಗೆ ಅವರ ಕಾರ್ಯಕ್ಷೇತ್ರ ಕೊಡಗಾಗಿತ್ತು. ಸ್ವದೇಶಕ್ಕೆ ಮರಳುವ ಆಲೋಚನೆಯಲ್ಲಿದ್ದ ಅವರನ್ನು ಸೋಮಯ್ಯನೆಂಬ ಕೊಡವ ಗೃಹಸ್ಥನು ಮಂಗಳೂರಿಗೆ ಬಂದು ಕಂಡನು; ಅವನ ನಿಮಿತ್ತದಿಂದ ಅವರು 1853ರಲ್ಲಿ ಕೊಡಗಿಗೆ ಹೋದರು.

ಕೊಡಗಿನ ಅಂದಿನ ಸ್ಥಿತಿಯನ್ನು ಇಲ್ಲಿ ಅರಿಯಬೇಕು. ಎರಡು ಶತಮಾನಗಳಿಗೂ ಮಿಕ್ಕಿ ಆ ನಾಡನ್ನಾಳಿದ ಹಾಲೇರಿ ಅರಸರು ಲಿಂಗವಂತರು. 1834ರಲ್ಲಿ ರಾಜ್ಯವು ಇಂಗ್ಲಿಷರ ವಶವಾಯಿತು. ಕಡೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ 1852ರಲ್ಲಿ ಲಂಡನ್ನಿನಲ್ಲಿ ದೀಕ್ಷಾಸ್ನಾನವಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಆ ಸಮಾರಂಭವು ಲೋಕಪ್ರಸಿದ್ಧವಾಯಿತು. ಅದೇ ದಶಕದಲ್ಲಿ ಕೊಡಗಿನ ಗದ್ದೆಗಳ ಕೆಸರಿನಿಂದ ಎದ್ದುಬಂದವರ ಕಥೆಯನ್ನು ಕೇಳಿದವರು ವಿರಳ.

ಅಂದಿನ ದಾಖಲೆಗಳು ಹೊಲೆಯರೆಂದು ಕರೆಯುವ ಈ ಜನ ಎರಡು ಬಗೆಯ ಜೀತದಲ್ಲಿದ್ದರು. ‘ಭೂಮಿ ಜಮ್ಮದ ಆಳು’ ನೆಲಕ್ಕೆ ಅಂಟಿದವನು. ನೆಲವು ಯಾರ ಕೈಸೇರಿದರೆ ಅವನೂ ಅವರವನು. ‘ಒಕ್ಕಲು ಜಮ್ಮದ ಆಳು’ ಒಡೆಯನ ಸ್ವತ್ತು, ಅವನನ್ನು ಮಾರಬಹುದಾಗಿತ್ತು. 1843ರ ಕಾಯಿದೆಯು ಗುಲಾಮಗಿರಿಗೆ ಇದ್ದ ನ್ಯಾಯಾಲಯದ ಮಾನ್ಯತೆಯನ್ನು ಕಳೆಯಿತು. ಆದರೆ ತನ್ನದೆಂಬ ಒಂದು ಗೇಣು ನೆಲವಿಲ್ಲದವನು, ಒಡೆಯನು ಅಳೆದುಕೊಡುವ ಅಕ್ಕಿಯನ್ನೇ ನಂಬಿದವನು, ಕಾಯಿದೆಯ ಬಲದಿಂದ ಎಲ್ಲಿಗೆ ಹೋದಾನು? 1854ರ ಸುಮಾರಿಗೆ ಯುರೋಪಿಯನ್ನರ ಕಾಫಿ ತೋಟಗಳು ತಲೆಯೆತ್ತಿ ಕೂಲಿಯಾಳುಗಳಿಗೆ ಬೇಡಿಕೆ ಹುಟ್ಟಿದ ಮೇಲೆ, ಒಡೆಯನನ್ನು ಬಿಟ್ಟರೂ ಬದುಕಬಹುದೆಂಬ ಭರವಸೆ ಅವರಲ್ಲಿ ಮೂಡಿರಬೇಕು.

ಇವರಲ್ಲಿ ಕೆಲವರು ಮೋಗ್ಲಿಂಗರ ಆಶ್ರಯವನ್ನು ಬಯಸಿ ಬಂದರು. ಬರಿಯ ಬೋಧನೆಯಿಂದ ಇವರ ಬಂಧನ ಹರಿಯದೆಂಬುದನ್ನು ಮೋಗ್ಲಿಂಗರು ಮನಗಂಡರು. ಭೂಮಿ ಪಡೆದು, ಕಾಡು ಕಡಿಸಿ, ಕಾಫಿ ಬೆಳೆಸಿ, ಆ ತೋಟದ ಆಸರೆಯಲ್ಲಿ ಆನಂದಪುರವನ್ನು ನೆಲೆಗೊಳಿಸಿದರು. ಬಸವಪುರಾಣದ ಪಾಠವನ್ನು ತಿದ್ದಿದ ಕೈ ಈಗ ಗುಡಿಸಲುಗಳ ಸಾಲನ್ನೂ ಸಸಿಗಳ ಮಡಿಯನ್ನೂ ನೋಡಿಕೊಳ್ಳತೊಡಗಿತು. ಮಳೆಗಾಲ, ಮಲೆನಾಡ ಜ್ವರ, ತೋಟದ ಲೆಕ್ಕ, ಇವುಗಳ ನಡುವೆ ಪೌಲೀನರ ಸಂಸಾರ ನಡೆಯಿತು. ಆದರೆ ಅವರ ಆರೋಗ್ಯ ಕುಸಿಯಿತು. ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ದಂಪತಿಗಳು ಸ್ವದೇಶಕ್ಕೆ ತೆರಳಿದರು. ಮೋಗ್ಲಿಂಗರು ಮತ್ತೆ ಕನ್ನಡ ನಾಡನ್ನು ಕಾಣಲಿಲ್ಲ. ಅಲ್ಲಿಂದಲೇ ಕನ್ನಡ ಕೃತಿಗಳನ್ನು ಜರ್ಮನ್ ಭಾಷೆಗೆ ಅನುವಾದಿಸುತ್ತ, 1866ರಲ್ಲಿ ವೈಟ್‌ಬ್ರೆಕ್ಟರೊಡನೆ ಕೊಡಗನ್ನೂ ಅಲ್ಲಿಯ ಮಿಷನ್ನನ್ನೂ ಕುರಿತ ಗ್ರಂಥವನ್ನು ಹೊರತಂದು, 1881ರಲ್ಲಿ ಎಸ್ಲಿಂಗೆನ್ನಿನಲ್ಲಿ ದೇಹವಿಟ್ಟರು. ಮರುವರ್ಷವೇ ಗುಂಡರ್ಟರು ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು.

ಈ ಸೇವೆಯ ಮೌಲ್ಯವನ್ನು ತೂಗುವಾಗ ಒಂದು ಮಾತನ್ನು ಮರೆಮಾಚಲಾಗದು. ಮಿಷನರಿಗಳ ಗುರಿ ಮತಾಂತರ. ಅವರು ನಮ್ಮ ಪುರಾಣಗಳನ್ನು ಅಚ್ಚುಹಾಕಿಸಿದ್ದು ಭಕ್ತಿಯಿಂದಲ್ಲ, ಈ ಜನರ ಮನಸ್ಸನ್ನೂ ಭಾಷೆಯನ್ನೂ ಅರಿಯುವುದಕ್ಕಾಗಿ. ಅನ್ನ, ಆಶ್ರಯ, ದೀಕ್ಷೆಗಳು ಒಂದೇ ಕೈಯಿಂದ ಬರುವಾಗ, ಬಡವನ ಆಯ್ಕೆ ಎಷ್ಟರಮಟ್ಟಿಗೆ ಸ್ವತಂತ್ರವೆಂಬ ಪ್ರಶ್ನೆ ಏಳುವುದು ನ್ಯಾಯವೇ. ಒಬ್ಬ ಒಡೆಯನ ಗದ್ದೆಯಿಂದ ಬಂದವನು ಇನ್ನೊಂದು ಸಂಸ್ಥೆಯ ತೋಟದ ಆಳಾಗುವ ಅಪಾಯವೂ ಅಲ್ಲಿತ್ತು.

ಆದರೆ ಈ ಪ್ರಶ್ನೆಯನ್ನು ಕೇಳುವ ನಾವು ಇನ್ನೊಂದು ಪ್ರಶ್ನೆಗೂ ಉತ್ತರ ಕೊಡಬೇಕು. ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ಕೊಂಡಾಡಿದ, ಹರಳಯ್ಯನನ್ನು ಶರಣನೆಂದು ಅಪ್ಪಿಕೊಂಡ ಧರ್ಮ ನಮ್ಮದು. ಆ ಧರ್ಮವನ್ನು ಅನುಸರಿಸಿದ ಅರಸುಮನೆತನವೇ ತಲೆಮಾರುಗಟ್ಟಲೆ ಆಳಿದ ನಾಡಿನಲ್ಲಿ, ಚೆನ್ನಯ್ಯನ ಕುಲದವನು ಮಾರಾಟದ ವಸ್ತುವಾಗಿಯೇ ಉಳಿದುದು ಹೇಗೆ? ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪದಲ್ಲಿ ನುಡಿದುದು ಕೊಡಗಿನ ಗದ್ದೆಯನ್ನು ಏಕೆ ಮುಟ್ಟಲಿಲ್ಲ? ಕಾಯಕವು ಕೈಲಾಸವಾಗಬೇಕಾದರೆ ಕಾಯಕದ ಫಲವು ಕಾಯಕಿಯ ಕೈಯಲ್ಲಿರಬೇಕು. ಜೀತದವನ ದುಡಿಮೆಯನ್ನು ಕಾಯಕವೆಂದರೆ ಆ ಪದಕ್ಕೇ ಅಪಚಾರ.

ಮೋಗ್ಲಿಂಗರು ಬಸವಪುರಾಣವನ್ನು ಅಚ್ಚಿಗೆ ತಂದದ್ದಕ್ಕಾಗಿ ನಾವು ಅವರನ್ನು ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಆದರೆ ಆ ಪುರಾಣದ ನಾಯಕನು ಯಾರ ಮನೆಯ ಅಂಗಳಕ್ಕೆ ನಡೆದುಹೋದನೋ ಅಂತಹವರ ನಡುವೆ ಈ ವಿದೇಶೀಯ ದಂಪತಿಗಳು ಮನೆಮಾಡಿ ಬಾಳಿದರು ಎಂಬುದನ್ನೂ ನೆನೆಯಬೇಕು. ಅವರ ಮತವು ನಮ್ಮದಲ್ಲದಿರಬಹುದು, ಅವರ ಉದ್ದೇಶದೊಡನೆ ನಮಗೆ ಭೇದವಿರಬಹುದು. ಬಡವರ ನೆರೆಯಲ್ಲಿ ಸಂಸಾರ ಹೂಡುವ ಧೈರ್ಯವನ್ನು ಮಾತ್ರ ಶರಣಮಾರ್ಗದವರು ಪರಕೀಯವೆಂದು ತಳ್ಳುವಂತಿಲ್ಲ. ದಾಸೋಹದ ಮೂಲಾರ್ಥವೇ ಅದು.