ತೃಣಭೂಮಿಯ ಪುನರುದ್ಧಾರ

ಅಮೆರಿಕೆಯ ವಿಸ್ಕಾನ್ಸಿನ್ ಪ್ರಾಂತದಲ್ಲಿ ಆಳೆತ್ತರ ಬೆಳೆಯುತ್ತಿದ್ದ ಹುಲ್ಲುಗಾವಲುಗಳು ನೇಗಿಲಿಗೆ ಸಿಕ್ಕಿ ಬಹುಮಟ್ಟಿಗೆ ನಾಮಾವಶೇಷವಾದುವು. 1934ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಸಸ್ಯೋದ್ಯಾನವು ಉದ್ಘಾಟಿತವಾದಾಗ, ನಾಡಿನ ಪೂರ್ವಸ್ವರೂಪವನ್ನೇ ಮರಳಿ ನಿಲ್ಲಿಸಬೇಕೆಂದು ಆಲ್ಡೋ ಲಿಯೋಪೋಲ್ಡರು ಪ್ರತಿಪಾದಿಸಿದರು. ಅಳಿದುಳಿದ ಗಾವಲುಗಳಿಂದ ಮಣ್ಣುಹೆಂಟೆ ಸಹಿತ ಅಗೆದು ತಂದ ಗಿಡಗಳನ್ನು ನಿರುದ್ಯೋಗಿ ತರುಣರು ಹಳೆಯ ಹೊಲವೊಂದರಲ್ಲಿ ನೆಟ್ಟರು. ಆದರೆ ಹೊರನಾಡಿನಿಂದ ಬಂದ ಬ್ಲೂಗ್ರಾಸ್ ಎಂಬ ಹುಲ್ಲು ಅವುಗಳನ್ನು ಅಡಗಿಸತೊಡಗಿತು. ಕೀಳುವುದಾದರೂ ಎಷ್ಟನ್ನು? ಸಸ್ಯಶಾಸ್ತ್ರದ ಅಧ್ಯಾಪಕ ಜಾನ್ ಕರ್ಟಿಸರು ಶಿಷ್ಯ ಮ್ಯಾಕ್ಸ್ ಪಾರ್ಚರೊಡನೆ ನೆಲದ ತುಂಡುಗಳಿಗೆ ಬೆಂಕಿಯಿಟ್ಟು ಪರೀಕ್ಷಿಸಿ, 1948ರಲ್ಲಿ ಫಲವನ್ನು ಪ್ರಕಟಿಸಿದರು. ಬೆಂಕಿಗೆ ಬ್ಲೂಗ್ರಾಸ್ ಕುಗ್ಗಿತು. ಆಳವಾಗಿ ಬೇರೂರಿದ ನಾಡಹುಲ್ಲು ಮತ್ತೆ ಚಿಗುರಿತು. ಬೆಂಕಿಯನ್ನು ಅರಣ್ಯಾಧಿಕಾರಿಗಳು ಶತ್ರುವೆಂದೇ ಬಗೆದಿದ್ದ ಕಾಲವದು. ಸುಟ್ಟು ಸಲಹುವುದೆಂಬ ಮಾತು ನಮಗೂ ಮೊದಲು ವಿಪರೀತವಾಗಿಯೇ ತೋರಿತು. 1961ರಲ್ಲಿ ಕರ್ಟಿಸರು ದಿವಂಗತರಾದ ತರುವಾಯ ಆ ಬಯಲಿಗೆ ಅವರ ಹೆಸರನ್ನೇ ಇಟ್ಟರು. ಅದನ್ನು ಈಗಲೂ ಆಗಾಗ್ಗೆ ಸುಡುತ್ತಾರೆ.