ಮೇಸ್ ಎಸೆದ ಚೆಂಡು

1920ನೆಯ ಇಸವಿ ಆಗಸ್ಟ್ 16. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಯಾಂಕೀಸ್ ತಂಡಕ್ಕೂ ಕ್ಲೀವ್‌ಲೆಂಡ್ ತಂಡಕ್ಕೂ ಬೇಸ್‌ಬಾಲ್ ಪಂದ್ಯ ನಡೆದಿತ್ತು. ಈ ಆಟ ನಮ್ಮ ಕ್ರಿಕೆಟ್ಟಿನ ದಾಯಾದಿಯೆನ್ನಬಹುದು. ಆದರೆ ಅಲ್ಲಿ ಚೆಂಡು ನೆಲಕ್ಕೆ ತಾಗಿ ಪುಟಿಯುವುದಿಲ್ಲ, ಸುಮಾರು 60 ಅಡಿಯಾಚೆಯಿಂದ ನೇರವಾಗಿ ದಾಂಡಿಗನ ಕಡೆಗೆ ನುಗ್ಗುತ್ತದೆ. ಐದನೆಯ ಸರದಿಯಲ್ಲಿ ಕ್ಲೀವ್‌ಲೆಂಡಿನ ರೇ ಚಾಪ್‌ಮನ್ ದಾಂಡು ಹಿಡಿದು ನಿಂತ. ಯಾಂಕೀಸ್ ಪರವಾಗಿ ಚೆಂಡೆಸೆಯುತ್ತಿದ್ದವನು ಕಾರ್ಲ್ ಮೇಸ್. ಠಕ್ಕೆಂದು ಸದ್ದಾಯಿತು. ಚೆಂಡು ಉರುಳಿ ಮೇಸನ ಬಳಿಗೇ ಮರಳಿತು. ದಾಂಡಿಗೆ ತಗುಲಿತೆಂದೇ ಬಗೆದು ಅವನು ಅದನ್ನೆತ್ತಿ ಮೊದಲನೆಯ ಬೇಸಿಗೆ ಎಸೆದ. ತಗುಲಿದ್ದು ದಾಂಡಿಗಲ್ಲ, ಚಾಪ್‌ಮನ್ನನ ತಲೆಗೆ.

ಚಾಪ್‌ಮನ್ ಎದ್ದ, ಇಬ್ಬರ ಆಸರೆಯಲ್ಲಿ ಒಂದಿಷ್ಟು ದೂರ ನಡೆದ, ಮತ್ತೆ ಕುಸಿದ. ಅಂದಿನ ರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ಮಾರನೆಯ ದಿನ ಬೆಳಗಾಗುವುದರೊಳಗೆ ಅವನು ತೀರಿಕೊಂಡ. ವಯಸ್ಸು 29, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ, ಹೆಂಡತಿ ಬಸುರಿ. ಅಮೆರಿಕೆಯ ಉನ್ನತ ಲೀಗುಗಳಲ್ಲಿ ಎಸೆದ ಚೆಂಡಿನ ಪೆಟ್ಟಿಗೆ ಪ್ರಾಣಬಿಟ್ಟವನು ಅವನೊಬ್ಬನೇ.

ಸಾವು ಸಂಭವಿಸಿದ ಮೇಲೆ ಹೊಣೆ ಯಾರದೆಂಬ ಪ್ರಶ್ನೆ ಏಳದಿರುತ್ತದೆಯೇ? ಸರಕಾರಿ ವಕೀಲರ ಕಚೇರಿಯವರು ಮೇಸನ ಹೇಳಿಕೆ ಪಡೆದು, ಇದು ಆಕಸ್ಮಿಕವೆಂದು ನಿರ್ಣಯಿಸಿ ಬಿಟ್ಟುಬಿಟ್ಟರು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಮುಗಿಯದೆ ಉಳಿದದ್ದು ಜನರ ಮಾತು. ಬಾಸ್ಟನ್ ಮತ್ತು ಡೆಟ್ರಾಯಿಟ್ ತಂಡಗಳ ಆಟಗಾರರು ಮೇಸನನ್ನು ಆಟದಿಂದಲೇ ಹೊರಗಿಡಬೇಕೆಂದು ಗುಲ್ಲೆಬ್ಬಿಸಿದರು. ಸೋಜಿಗವೆಂದರೆ, ಸತ್ತವನ ತಂಡದ ಮುಖಂಡನೂ ಆಪ್ತ ಗೆಳೆಯನೂ ಆಗಿದ್ದ ಟ್ರಿಸ್ ಸ್ಪೀಕರ್ ಮೇಸನನ್ನು ದೂರಲಿಲ್ಲ.

ಹಾಗಾದರೆ ಬೇರೆಯವರಿಗೇಕೆ ಅಷ್ಟು ಸಿಟ್ಟು? ಮೇಸ್ ಯಾರಿಗೂ ಬೇಕಾದವನಾಗಿರಲಿಲ್ಲ. ಸಿಡುಕ, ಸಂಗಡಿಗರು ತಪ್ಪುಮಾಡಿದರೆ ಮೈದಾನದಲ್ಲೇ ಗದರುವವನು. 1919ರಲ್ಲಿ ಬಾಸ್ಟನ್ ತಂಡವನ್ನು ಆಟದ ನಡುವೆಯೇ ಬಿಟ್ಟು ಹೊರಟುಹೋಗಿದ್ದ. ಆ ಜಗಳ ಕೋರ್ಟಿನವರೆಗೂ ಹೋಗಿತ್ತು. ಅದೇ ವರ್ಷ ಒಬ್ಬ ಪ್ರೇಕ್ಷಕನ ಮೇಲೆಯೇ ಚೆಂಡು ಬೀಸಿದ್ದ. ಕೈಯನ್ನು ನೆಲಕ್ಕೆ ಸವರುವಷ್ಟು ಕೆಳಗಿಳಿಸಿ ಎಸೆಯುವ ಅವನ ರೀತಿಯೂ ದಾಂಡಿಗರಿಗೆ ಕಾಟವಾಗಿತ್ತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು ಅವನ ಪಾಡು. ಮೇಷ್ಟರ ಕೆಲಸದಲ್ಲಿರುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ತರಗತಿಯ ಕಿಟಕಿ ಗಾಜು ಒಡೆದರೆ ನಮ್ಮ ಕಣ್ಣು ಮೊದಲು ಹೊರಳುವುದು ಹಿಂದಿನ ಬೆಂಚಿನ ತುಂಟನ ಕಡೆಗೇ. ಗಾಜು ಮೊದಲೇ ಬಿರುಕುಬಿಟ್ಟಿತ್ತೋ ಏನೋ ಎಂದು ಯಾರು ವಿಚಾರಿಸುತ್ತಾರೆ?

ಲೆಕ್ಕ ತೆಗೆದು ನೋಡಿದರೆ ಕಾಣುವುದೇ ಬೇರೆ. ಮೇಸನ ಚೆಂಡು ತಾಗಿದ ದಾಂಡಿಗರು ಅವನ ಇಡೀ ಆಟದ ಬಾಳಿನಲ್ಲಿ 89 ಮಂದಿ. ಅದೇ ಕಾಲದ ವಾಷಿಂಗ್ಟನ್ ತಂಡದ ವಾಲ್ಟರ್ ಜಾನ್ಸನ್ 200ಕ್ಕೂ ಹೆಚ್ಚು ಮಂದಿಗೆ ತಾಗಿಸಿದ. ಅವನು ಎಸೆದ ಸರದಿಗಳು ಸುಮಾರು ಎರಡರಷ್ಟು ಎಂಬುದನ್ನು ಗಣನೆಗೆ ತಂದರೂ ಅವನ ಪಾಲೇ ತುಸು ಮೇಲು. ಆದರೆ ಜಾನ್ಸನ್ ಸಾಧು ಸ್ವಭಾವದವನು, ಯಾರಿಗಾದರೂ ತಗುಲೀತೆಂದು ಹೆದರುವವನು ಎಂದು ಹೆಸರಾಗಿದ್ದ. ಅವನನ್ನು ಕೊಲೆಗಾರನೆಂದು ಯಾರೂ ಕರೆಯಲಿಲ್ಲ.

ಮೇಸ್ ತನ್ನ ತಲೆಯ ಮೇಲಿನ ಗೂಬೆಯನ್ನು ಇಳಿಸಲು ನೋಡಿದ. ಚೆಂಡಿನ ಮೈ ಒರಟಾಗಿತ್ತು, ಅಂಪೈರು ಅದನ್ನು ಮೊದಲೇ ತೆಗೆದುಹಾಕಬೇಕಿತ್ತು ಎಂದ. ಬಿಲಿ ಇವಾನ್ಸ್, ಬಿಲ್ ಡಿನೀನ್ ಎಂಬ ಅಂಪೈರುಗಳು ಸುಮ್ಮನಿರುತ್ತಾರೆಯೇ? ಚೆಂಡನ್ನು ಒರಟುಮಾಡುವುದರಲ್ಲಿ ಮೇಸನನ್ನು ಮೀರಿಸಿದವರಿಲ್ಲವೆಂದು ತಿರುಗೇಟು ಕೊಟ್ಟರು. ಆ ಮಾತಿನ ಜೊತೆಗೇ ಇನ್ನೊಂದು ಸಂಗತಿಯೂ ಅವರ ಬಾಯಿಂದ ಹೊರಬಿತ್ತು. ಅಂಪೈರುಗಳು ತೀರ ಹೆಚ್ಚು ಚೆಂಡುಗಳನ್ನು ಬದಲಿಸುತ್ತಾರೆಂದು ತಂಡಗಳ ಮಾಲಿಕರು ದೂರಿದ್ದರು. ಅದರ ಮೇಲೆ ಲೀಗಿನ ಅಧ್ಯಕ್ಷ ಬ್ಯಾನ್ ಜಾನ್ಸನ್, ತೀರ ಅಪಾಯಕರವಾದವನ್ನು ಬಿಟ್ಟು ಉಳಿದ ಚೆಂಡುಗಳನ್ನು ಆದಷ್ಟು ಆಟದಲ್ಲೇ ಉಳಿಸಿಕೊಳ್ಳಬೇಕೆಂದು ಸುತ್ತೋಲೆ ಹೊರಡಿಸಿದ್ದ!

ನನಗೆ ಈ ಸುತ್ತೋಲೆಯೇ ಇಡೀ ಪ್ರಕರಣದ ತಿರುಳಾಗಿ ಕಾಣುತ್ತದೆ. ಮಣ್ಣು, ತಂಬಾಕಿನ ಉಗುಳು ಮೆತ್ತಿ ಚೆಂಡು ಕಂದುಬಣ್ಣಕ್ಕೆ ತಿರುಗುತ್ತಿದ್ದ ಕಾಲ ಅದು. ಅಂದು ಬಿಸಿಲೂ ಇರಲಿಲ್ಲ. ಚೆಂಡು ತಲೆಗೆ ಬರುವಾಗ ಚಾಪ್‌ಮನ್ ಕದಲಲೇ ಇಲ್ಲವೆಂದು ನೋಡಿದವರು ಹೇಳಿದರು. ಅವನಿಗೆ ಅದು ಕಾಣಲೇ ಇಲ್ಲವೆಂಬುದು ಅನೇಕರ ಊಹೆ. ದಾಂಡು ಹಿಡಿದಾಗ ಬಹಳ ಮುಂದಕ್ಕೆ ಬಾಗಿ ನಿಲ್ಲುವುದು ಅವನ ಅಭ್ಯಾಸವಾಗಿತ್ತೆಂಬುದೂ ನಿಜ, ಆದ್ದರಿಂದ ಸತ್ತವನ ಮೇಲೂ ಒಂದಿಷ್ಟು ತಪ್ಪು ಹೊರಿಸಿದವರುಂಟು. ಎಸೆದವನು ಯಾರೆಂಬುದು ಸಾವಿರಾರು ಕಣ್ಣುಗಳಿಗೆ ಕಂಡಿತ್ತು. ಆ ಚೆಂಡು ಆಟದಲ್ಲಿ ಉಳಿದದ್ದು ಯಾರ ಉಳಿತಾಯಕ್ಕಾಗಿ ಎಂಬುದು ಮಾತ್ರ ಯಾವ ಕಣ್ಣಿಗೂ ಕಾಣುವಂತಿರಲಿಲ್ಲ. ಮಾಲಿಕರನ್ನು ಬಹಿಷ್ಕರಿಸಬೇಕೆಂಬ ಕೂಗು ಎಲ್ಲಿಯೂ ಕೇಳಲಿಲ್ಲ.

ಮುಂದೆ ಚೆಂಡುಗಳನ್ನು ಬೇಗಬೇಗನೆ ಬದಲಿಸತೊಡಗಿದರು. ಆ ವರ್ಷದ ಪ್ರಶಸ್ತಿಯನ್ನು ಕ್ಲೀವ್‌ಲೆಂಡ್ ತಂಡವೇ ಗೆದ್ದಿತು. ಸೆಪ್ಟೆಂಬರಿನಲ್ಲಿ ಯಾಂಕೀಸ್ ಆ ಊರಿಗೆ ಹೋದಾಗ ಮೇಸನನ್ನು ಕರೆದೊಯ್ಯಲಿಲ್ಲ. ಅವನೇನೋ 207 ಪಂದ್ಯಗಳನ್ನು ಗೆದ್ದ. ಆದರೂ ಆ ಆಟದ ಕೀರ್ತಿಮಂದಿರದಲ್ಲಿ ಅವನಿಗೆ ಸ್ಥಾನ ಸಿಗಲಿಲ್ಲ. 1921ರ ಅಂತಿಮ ಪಂದ್ಯಗಳಲ್ಲಿ ಬೇಕೆಂದೇ ಸೋತನೆಂಬ ಗುಸುಗುಸು ಕೂಡ ಅದಕ್ಕೆ ಕಾರಣವಾಗಿದ್ದೀತು, ಎಲ್ಲವನ್ನೂ ಆ ಒಂದು ಚೆಂಡಿನ ತಲೆಗೆ ಕಟ್ಟುವುದು ಸರಿಯಲ್ಲ. ಮೇಸ್ ಮಾತ್ರ ಹಾಗೆಂದುಕೊಳ್ಳಲಿಲ್ಲ. ತಾನು ಅಷ್ಟೊಂದು ಗೆದ್ದಿದ್ದರೂ ಜನಕ್ಕೆ ನೆನಪಿರುವುದು ಅದೊಂದೇ ಎಸೆತವೆಂದು ಮುದಿತನದಲ್ಲಿ ಕೊರಗುತ್ತಿದ್ದ.

ದಾಂಡಿಗರು ಶಿರಸ್ತ್ರಾಣ ತೊಟ್ಟೇ ನಿಲ್ಲಬೇಕೆಂಬ ಕಟ್ಟುನಿಟ್ಟಿನ ನಿಯಮ ಬಂದದ್ದು 1971ರಲ್ಲಿ, ಚಾಪ್‌ಮನ್ ಸತ್ತು 51 ವರ್ಷಗಳ ಮೇಲೆ. ಅದೂ ಹೊಸಬರಿಗೆ, ಹಳಬರಿಗೆ ವಿನಾಯಿತಿಯಿತ್ತು. ಬಾಸ್ಟನ್ನಿನ ಬಾಬ್ ಮಾಂಟ್‌ಗೊಮರಿ 1979ರವರೆಗೂ ಟೋಪಿಯಲ್ಲೇ ಆಡಿದ. ಕಾರ್ಲ್ ಮೇಸ್ ತೀರಿಕೊಂಡದ್ದು ಆ ನಿಯಮ ಬಂದ ವರ್ಷದ ಏಪ್ರಿಲ್ ತಿಂಗಳಲ್ಲಿ.