ಕುಸಿದದ್ದೋ, ಹರಿದದ್ದೋ?

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೊಂದು ಹೆದ್ದಾರಿಯ ಮೇಲೆ ಬಿದ್ದು ಗಂಗಾವಳಿ ನದಿಗೆ ಇಳಿಯಿತು. ಎರಡು ವಾರದ ಬಳಿಕ, 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಮಣ್ಣುಪಾಲಾದವು. ಸತ್ತವರಲ್ಲಿ ಕರ್ನಾಟಕ ಮೂಲದವರೂ ಇದ್ದರು. ಒಂದು ಗುಡ್ಡ ಕುಸಿತ, ಇನ್ನೊಂದು ಭೂಕುಸಿತ ಎಂದು ನಾವು ಓದಿದೆವು. ಹೇಗೆ ಹೇಳಿದರೂ ಕುಸಿತವೇ.

ನಿಂತದ್ದು ಬಲಗುಂದಿ ಕೆಳಗಿಳಿದರೆ ಅದು ಕುಸಿತ. ಗೋಡೆ ಕುಸಿಯುತ್ತದೆ, ಬೆಲೆ ಕುಸಿಯುತ್ತದೆ, ಮನುಷ್ಯನೂ ಕುಸಿಯುತ್ತಾನೆ. ಮಲೆನಾಡಿನವರು ಧರೆ ಕುಸಿಯಿತು ಎನ್ನುತ್ತಾರೆ. ಕೊಡಗು, ದಕ್ಷಿಣ ಕನ್ನಡದ ಕಡೆ ಬರೆ ಕುಸಿಯಿತು ಎನ್ನುವುದುಂಟು. ಧರೆಯಾಗಲಿ ಬರೆಯಾಗಲಿ, ಮನೆಯ ಹಿಂದೆಯೋ ರಸ್ತೆಯ ಪಕ್ಕದಲ್ಲೋ ಕಡಿದಾಗಿ ನಿಂತ ಮಣ್ಣಿನ ಗೋಡೆ. ಅಚ್ಚುಕಟ್ಟಾದ ಮಾತುಗಳೇ. ಆದರೆ ಇವೆಲ್ಲ ಅಪಾಯವನ್ನು ಗುಡ್ಡದ ಬುಡದಲ್ಲೇ ನಿಲ್ಲಿಸಿಬಿಡುತ್ತವೆ.

ವಯನಾಡಿನಲ್ಲಿ ಅದು ಅಲ್ಲಿ ನಿಲ್ಲಲಿಲ್ಲ. ಪುಂಚಿರಿಮಟ್ಟದ ಮೇಲಿನ ಕಾಡಿನಲ್ಲಿ ಕಳಚಿದ ಮಣ್ಣು, ಬಂಡೆ, ಮರಗಳು ನೀರಿನೊಡನೆ ಕಲೆತು, ಹೊಳೆಯ ಜಾಡು ಹಿಡಿದು ಸುಮಾರು 8 ಕಿ.ಮೀ. ಹರಿದದ್ದನ್ನು ಇಸ್ರೋದ ಉಪಗ್ರಹ ಚಿತ್ರಗಳು ತೋರಿಸಿದವು. ಗುಡ್ಡ ಕಳಚಿದ ಜಾಗದಿಂದ ಕಿಲೋಮೀಟರುಗಟ್ಟಲೆ ದೂರ, ಹೊಳೆಯ ದಡದಲ್ಲಿ ಮಲಗಿದ್ದವರೂ ಸತ್ತರು. ಮಲಯಾಳದಲ್ಲಿ ಇದಕ್ಕೆ ಬೇರೆಯೇ ಪದವಿದೆ. ಬರಿಯ ಮಣ್ಣು ಜರಿದರೆ ಮಣ್ಣಿಡಿಚ್ಚಿಲ್. ಹೀಗೆ ಸಿಡಿದು ನುಗ್ಗಿದರೆ ಉರುಳ್‌ಪೊಟ್ಟಲ್. ಆ ಉರುಳ್ ನಮ್ಮ 'ಉರುಳು'ವಿನ ಒಡಹುಟ್ಟು, ಪೊಟ್ಟಲ್ ಎಂದರೆ ಒಡೆಯುವುದು. ಪದದಲ್ಲೇ ಓಟವಿದೆ.

ಇಂಗ್ಲಿಷಿನ 'ಮಡ್‌ಸ್ಲೈಡ್' ಕೂಡ ಸಡಿಲ ಪದವೇ. ಭೂವಿಜ್ಞಾನಿಗಳು ಅದನ್ನು ಪತ್ರಿಕೆಗಳಿಗೆ ಬಿಟ್ಟು 'ಡೆಬ್ರಿ ಫ್ಲೋ', 'ಮಡ್‌ಫ್ಲೋ' ಎನ್ನುತ್ತಾರೆ. ಪಂಡಿತರ ಜಗಳ ಎನ್ನಬೇಡಿ: ಅಮೆರಿಕದ ಸರ್ಕಾರಿ ಪ್ರವಾಹ ವಿಮೆ 'ಮಡ್‌ಫ್ಲೋ' ಆದರೆ ಹಣ ಕೊಡುತ್ತದೆ, ನೆಲ ಜಾರಿದರೆ ಕೊಡುವುದಿಲ್ಲ. ಮನೆ ಕಳೆದುಕೊಂಡವರು ಅದು ಹರಿದದ್ದೋ ಜಾರಿದ್ದೋ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕು.

ಕನ್ನಡಕ್ಕೂ ಈ ಕೊರತೆ ತಟ್ಟದೆ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲದಲ್ಲಿ ಕೆಸರು ನುಗ್ಗಿದಾಗ ಬಾಯಿಂದ ಬಾಯಿಗೆ ಹಬ್ಬಿದ ಮಾತು 'ಜಲಸ್ಫೋಟ'. ಶಾಸ್ತ್ರಕ್ಕೆ ಇದು ಒಗ್ಗದು. ನೆಲದೊಳಗೆ ಏನೂ ಸ್ಫೋಟಿಸುವುದಿಲ್ಲ, ಮಳೆನೀರು ತುಂಬಿದ ಮಣ್ಣು ಹಿಡಿತ ಬಿಡುತ್ತದೆ, ಅಷ್ಟೆ. ಆದರೂ ಆ ತಪ್ಪು ಪದದಲ್ಲಿ ನೀರಿತ್ತು, ವೇಗವಿತ್ತು. ನಮ್ಮ ಸರಿಯಾದ ಪದದಲ್ಲಿ ಎರಡೂ ಇಲ್ಲ. ನನ್ನ ಮತ 'ಕೆಸರುಹೊಳೆ'ಗೆ. ಹೊಳೆ ಬಂತು ಎಂದರೆ ಎತ್ತ ಓಡಬೇಕೆಂದು ಯಾರಿಗೂ ಹೇಳಿಕೊಡಬೇಕಿಲ್ಲ.